ಮಹಾಯುದ್ಧಗಳ ನಡುವೆ ಅಮೆರಿಕದವ್ರು ಅಷ್ಟು ವರ್ಷ ಎರಡು ರೆಕ್ಕೆಯ ಅಬ್ಸರ್ವೇಶನ್ ವಿಮಾನಗಳನ್ನೇ ಯಾಕೆ ಕಟ್ಟಿದ್ರು?

ಬಾಲ್ಸಾ ಭಟ್ಟ
ಎಲ್ರಿಗೂ ನಮಸ್ಕಾರ. ಎರಡು ತಿಂಗ್ಳಿಂದ ಬಾಲ್ಸಾ ಮರದಲ್ಲಿ ಡಗ್ಲಸ್ ಕಂಪನಿಯ ಓ-38 ಮಾಡೆಲ್ ಕಟ್ತಾ ಇದೀನಿ (ಓ ಅಂದ್ರೆ ಅಬ್ಸರ್ವೇಶನ್, ಮೇಲಿಂದ ನೋಡಿ ಸೈನ್ಯಕ್ಕೆ ಸುದ್ದಿ ಕೊಡೋ ವಿಮಾನ). ಕೆಳಗಿನ ರೆಕ್ಕೆ ಮುಗೀತು, ಮೇಲಿಂದು ಅರ್ಧ ಆಗಿದೆ. ಮೊನ್ನೆ ಅಕ್ಕನ ಮಗ ಬಂದಿದ್ದ, ಎಂಟನೇ ಕ್ಲಾಸು. ಟೇಬಲ್ ಹತ್ರ ನಿಂತು ನೋಡಿ ನೋಡಿ ಒಂದು ಪ್ರಶ್ನೆ ಕೇಳ್ದ. "ಮಾವ, ಲಿಂಡ್‌ಬರ್ಗ್ 1927ರಲ್ಲೇ ಒಂದೇ ರೆಕ್ಕೆ ವಿಮಾನದಲ್ಲಿ ನ್ಯೂಯಾರ್ಕಿಂದ ಪ್ಯಾರಿಸ್‌ಗೆ ಹೋದ ಅಂತ ಪಾಠದಲ್ಲಿದೆ, ಮತ್ತೆ 1931ರಲ್ಲಿ ಅವರ ಸೈನ್ಯಕ್ಕೆ ಎರಡು ರೆಕ್ಕೆದು ಯಾಕೆ ಬೇಕಿತ್ತು?" ಆಗ ಏನೋ ಒಂದು ಹೇಳ್ದೆ, ಆದ್ರೆ ಸರಿಯಾದ ಉತ್ತರ ಕೊಡ್ಬೇಕು ಅಂತ ಮನಸ್ಸಲ್ಲಿ ಕೊರೀತಾ ಇದೆ. ದುಡ್ಡಿದ್ದ ದೇಶ, ಒಳ್ಳೊಳ್ಳೆ ಇಂಜಿನಿಯರ್‌ಗಳಿದ್ರು, ಆದ್ರೂ ಮೊದಲ ಮಹಾಯುದ್ಧ ಕಾಲದ ಡಿಎಚ್-4, ಆಮೇಲಿನ ಓ-1, ಓ-2, ಓ-19, ಓ-25, ಓ-38 ಎಲ್ಲಾ ಬೈಪ್ಲೇನೇ. ಯಾಕೆ?

ಜಕ್ಕೂರು ಜಯಣ್ಣ
ಒಂದೇ ಮಾತಲ್ಲಿ ಹೇಳ್ಬೇಕು ಅಂದ್ರೆ ಲಿಬರ್ಟಿ ಇಂಜಿನ್.

ಬಾಲ್ಸಾ ಭಟ್ಟ
ಸ್ವಲ್ಪ ಬಿಡಿಸಿ ಹೇಳಿ ಜಯಣ್ಣೋರೇ, ಹುಡುಗನಿಗೆ ಅರ್ಥ ಆಗ್ಬೇಕು.

ಜಕ್ಕೂರು ಜಯಣ್ಣ
ಸರಿ. 1917ರಲ್ಲಿ ಅಮೆರಿಕ ಯುದ್ಧಕ್ಕೆ ಇಳಿದಾಗ ಅವರ ಹತ್ರ ಹೇಳ್ಕೊಳ್ಳೋಂಥ ವಿಮಾನವೂ ಇರ್ಲಿಲ್ಲ ಇಂಜಿನ್ನೂ ಇರ್ಲಿಲ್ಲ. ಪ್ಯಾಕರ್ಡ್ ಕಂಪನಿಯ ಜೆಸ್ಸಿ ವಿನ್ಸೆಂಟ್, ಹಾಲ್-ಸ್ಕಾಟ್‌ನ ಎಲ್ಬರ್ಟ್ ಹಾಲ್ ಅಂತ ಇಬ್ರನ್ನ ವಾಷಿಂಗ್ಟನ್ನಿನ ವಿಲರ್ಡ್ ಹೋಟೆಲಿನ ರೂಮಲ್ಲಿ ಕೂರ್ಸಿದ್ರು, ಒಂದು ವಾರದೊಳಗೆ ನೀಲನಕ್ಷೆ ಬಂತು. ಹನ್ನೆರಡು ಸಿಲಿಂಡರ್, ನೀರಿಂದ ತಣ್ಣಗಾಗೋದು, ಸುಮಾರು 400 ಹಾರ್ಸ್‌ಪವರ್. ಕಾರ್ ಫ್ಯಾಕ್ಟರಿಗಳಲ್ಲಿ 20 ಸಾವಿರಕ್ಕೂ ಹೆಚ್ಚು ಮಾಡಿ ಗುಡ್ಡೆ ಹಾಕಿದ್ರು, ಅಷ್ಟೊತ್ತಿಗೆ ಯುದ್ಧ ಮುಗಿದೋಯ್ತು. ಈಗ ಗೋಡೌನ್ ತುಂಬಾ ಇಂಜಿನ್ ಇದೆ, ದುಡ್ಡು ಕೊಡೋರು ಹೊಸದಕ್ಕೆ ಯಾಕೆ ಕೊಡ್ತಾರೆ, ಇರೋದನ್ನ ಬಳಸ್ರಪ್ಪ ಅಂತಾರೆ. ಇಪ್ಪತ್ತರ ದಶಕದಲ್ಲಿ ಬಂದ ಅಬ್ಸರ್ವೇಶನ್ ವಿಮಾನಗಳಲ್ಲಿ ಎಷ್ಟೋ ಈ ಇಂಜಿನ್ನಿನ ಸುತ್ತ ಹೊಲಿದ ಅಂಗಿ ಕಣ್ರೀ. ಅಷ್ಟು ಭಾರದ ಇಂಜಿನ್, ಅದಕ್ಕೊಂದು ರೇಡಿಯೇಟರ್, ನೀರು, ಇಬ್ರು ಜನ, ಕ್ಯಾಮರಾ, ರೇಡಿಯೋ, ಮೆಷಿನ್‌ಗನ್ನು. ಇಷ್ಟೆಲ್ಲಾ ಹೊತ್ಕೊಂಡು ಹುಲ್ಲು ಮೈದಾನದಿಂದ ಏಳ್ಬೇಕು ಅಂದ್ರೆ ರೆಕ್ಕೆ ವಿಸ್ತೀರ್ಣ ಜಾಸ್ತಿ ಬೇಕು, ಅದನ್ನ ಹಗುರವಾಗಿ ಕೊಡೋ ದಾರಿ ಆಗ ಎರಡು ರೆಕ್ಕೆ ಮಧ್ಯೆ ಕಂಬ, ತಂತಿ.

ಹುಬ್ಬಳ್ಳಿ ಪ್ರೊಪೆಲ್ಲರ್
ಜಯಣ್ಣಾರ ಹೇಳಿದ್ದು ಖರೆ ಐತ್ರಿ, ಆದ್ರ ಪೂರ್ತಿ ಅಲ್ಲ. ಎಲ್ಲಾ ಇಂಜಿನ್ ಮ್ಯಾಲೆ ಹಾಕಬ್ಯಾಡ್ರಿ. ಓ-38ಕ್ಕ ಲಿಬರ್ಟಿ ಇರಲೇ ಇಲ್ಲ, ಅದಕ್ಕ ಪ್ರ್ಯಾಟ್ ಆಂಡ್ ವಿಟ್ನಿ ಹಾರ್ನೆಟ್ ರೇಡಿಯಲ್ (ಸಿಲಿಂಡರ್ ಚಕ್ರದಂಗ ಸುತ್ತಲೂ ಇರೂ ಇಂಜಿನ್), 525 ಹಾರ್ಸ್‌ಪವರ್, ಗಾಳಿಯಿಂದ ತಣ್ಣಗ ಆಗೂದು. ಆದ್ರೂ ಎರಡು ರೆಕ್ಕಿನ ಇಟ್ರು. ಯಾಕಂದ್ರ ನೆಲದ ಮ್ಯಾಗಿನ ಜನರಲ್‌ಗಳಿಗೆ ವಿಮಾನ ಅಂದ್ರ ಎತ್ತರದ ಮ್ಯಾಲೆ ಕುಂತ ಕಣ್ಣು, ಅಷ್ಟ. ತೋಪಿನ ಗುಂಡು ಎಲ್ಲಿ ಬಿತ್ತು ನೋಡಿ ಹೇಳು, ಫೋಟೋ ತಗಿ, ಚೀಟಿ ಒಗಿ. ಅದಕ್ಕ ಜೋರು ಓಟ ಯಾಕ ಬೇಕು? ಸಾವಕಾಶ ಹಾರಬೇಕು, ಹೊಲದಾಗ ಇಳಿಬೇಕು, ರಿಪೇರಿ ಸಲೀಸು ಇರಬೇಕು.

ಜಕ್ಕೂರು ಜಯಣ್ಣ
ಅದು ಒಪ್ಪಿದೆ. ಆದ್ರೆ ಓ-38 ಹೊಸ ವಿನ್ಯಾಸ ಅಲ್ವಲ್ಲ! ಓ-2ರಿಂದ ಓ-25, ಓ-25ರಿಂದ ಓ-38. ಒಂದೇ ವಂಶ, ಮೂಗು ಬದಲಾಯಿಸ್ಕೊಂಡು ಬಂದಿದ್ದು. ಓ-2 ಹುಟ್ಟಿದ್ದು ಲಿಬರ್ಟಿಗಾಗೇ. 1924ರಲ್ಲಿ ಡೇಟನ್ನಿನ ಮೆಕ್‌ಕುಕ್ ಫೀಲ್ಡಲ್ಲಿ ಡಿಎಚ್-4 ಜಾಗಕ್ಕೆ ಯಾರ್ದು ಅಂತ ಸ್ಪರ್ಧೆ ಇಟ್ಟಾಗ ಲಿಬರ್ಟಿ ಹಾಕ್ಕೊಂಡು ಗೆದ್ದಿದ್ದು ಡಗ್ಲಸ್, ಮರುವರ್ಷ 45 ವಿಮಾನಗಳ ಆರ್ಡರ್ ಸಿಕ್ತು. ಅಲ್ಲಿ ಸೋತ ಕರ್ಟಿಸ್‌ನವ್ರು 1925ರಲ್ಲಿ ಇನ್ನೊಂದು ಸುತ್ತಲ್ಲಿ ಗೆದ್ದು ಓ-1 ಫಾಲ್ಕನ್ ತಂದ್ರು, ಅದಕ್ಕೆ ಅವರದೇ ಡಿ-12 ಇಂಜಿನ್. ಫಾಲ್ಕನ್‌ನ ಮೇಲಿನ ರೆಕ್ಕೆಯ ತುದಿಭಾಗ ಹಿಂದಕ್ಕೆ ಬಾಗಿರುತ್ತೆ, ದೂರದಿಂದ್ಲೇ ಗುರುತು ಸಿಗುತ್ತೆ.

ಕುಡ್ಲದ ಸೀಗಲ್
ಡಿಎಚ್-4 ಅಂದ್ರೆ ಅದೇ ಅಲ್ವಾ ಮಾರಾಯ್ರೆ, "ಉರಿಯುವ ಶವಪೆಟ್ಟಿಗೆ" ಅಂತ ಹೆಸರು ಬಿದ್ದದ್ದು? ಗುಂಡು ತಾಗಿದ್ರೆ ಸಾಕು ಪೂರಾ ಹೊತ್ತಿಕೊಳ್ತಿತ್ತು ಅಂತ ಓದಿದ ನೆನಪು.

ಮಲ್ಲೇಶ್ವರಂ ಮಾಸ್ಟ್ರು
ಇದನ್ನ ತಿದ್ದಲೇಬೇಕು. ಹೆಸರು ಬಂದಿದ್ದು ಹೌದು, ಆದ್ರೆ ಕಾಳಗದಲ್ಲಿ ಅಮೆರಿಕ ಕಳ್ಕೊಂಡ 33 ಡಿಎಚ್-4ಗಳಲ್ಲಿ ಉರಿದು ಬಿದ್ದಿದ್ದು 8 ಮಾತ್ರ. ನಿಜವಾದ ತೊಂದರೆ ಬೇರೆ. ಪೆಟ್ರೋಲ್ ಟ್ಯಾಂಕು ಪೈಲಟ್‌ಗೂ ಅಬ್ಸರ್ವರ್‌ಗೂ ಮಧ್ಯೆ ಇತ್ತು. ಮುಂದೆ ಬಿಸಿ ಇಂಜಿನ್, ಬೆನ್ನ ಹಿಂದೆ ತುಂಬಿದ ಟ್ಯಾಂಕು, ನಡುವೆ ಪೈಲಟ್. ಇಳಿಯುವಾಗ ಮುಗ್ಗರಿಸಿದ್ರೆ ಟ್ಯಾಂಕು ಮುಂದಕ್ಕೆ ನುಗ್ಗಿ ಅವನನ್ನ ಇಂಜಿನ್ನಿಗೆ ಅದುಮಿಬಿಡ್ತಿತ್ತು. ಅಷ್ಟೇ ಅಲ್ಲ, ಇಬ್ಬರಿಗೂ ಮಧ್ಯೆ ಅಷ್ಟು ದೂರ ಇದ್ರೆ ಮಾತಾಡೋದು ಹೆಂಗೆ? ಇಂಜಿನ್ ಸದ್ದಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಲ್ಲ. ನೋಡೋನು ನೋಡಿದ್ದನ್ನ ಹಾರಿಸೋನಿಗೆ ಹೇಳೋಕಾಗದಿದ್ರೆ ಅಬ್ಸರ್ವೇಶನ್ ಏನು ಬಂತು. ಯುದ್ಧ ಮುಗಿದ ಮೇಲೆ ಡಿಎಚ್-4ಬಿ ಅಂತ ಮಾಡಿ ಟ್ಯಾಂಕು ಮುಂದೆ, ಪೈಲಟ್ ಹಿಂದೆ ಅಬ್ಸರ್ವರ್ ಹತ್ರ ಅಂತ ಅದಲುಬದಲು ಮಾಡಿದ್ರು. ಮುಂದೆ ಮರದ ಒಡಲಿನ ಬದಲು ಉಕ್ಕಿನ ಕೊಳವೆಯ ಒಡಲು ಹಾಕಿ ಡಿಎಚ್-4ಎಂ ಅಂತ ಬಂತು, ಬೋಯಿಂಗ್‌ನವರೂ ಕಟ್ಟಿದ್ರು. 1918ರ ವಿಮಾನ 1932ರವರೆಗೂ ಸೈನ್ಯದಲ್ಲಿತ್ತು.

ಬಾಲ್ಸಾ ಭಟ್ಟ
ಮಾಸ್ಟ್ರೇ, ಟ್ಯಾಂಕಿನ ವಿಷಯ ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರ್ಲಿಲ್ಲ. ಥ್ಯಾಂಕ್ಸ್.

ರೆಕ್ಕೆಪುರಾಣ
ಭಟ್ರೇ, ನಿಮ್ಮ ಹುಡುಗನಿಗೆ ಇದನ್ನ ಹೇಳಿ, ಖುಷಿ ಪಡ್ತಾನೆ. ಅದೇ ಲಿಂಡ್‌ಬರ್ಗ್ ಮಿಸೌರಿ ನ್ಯಾಷನಲ್ ಗಾರ್ಡ್‌ನ (ಆ ರಾಜ್ಯದ ಮೀಸಲು ಸೈನ್ಯ) 110ನೇ ಅಬ್ಸರ್ವೇಶನ್ ಸ್ಕ್ವಾಡ್ರನ್ನಲ್ಲಿದ್ದ! ಹೊಟ್ಟೆಪಾಡಿಗೆ ಹಳೇ ಡಿಎಚ್-4ಗಳಲ್ಲೇ ಸೇಂಟ್ ಲೂಯಿಸ್‌ನಿಂದ ಶಿಕಾಗೋಗೆ ಅಂಚೆ ಒಯ್ತಾ ಇದ್ದ. 1926ರ ಸೆಪ್ಟೆಂಬರ್‌ನಲ್ಲಿ ಒಂದು ರಾತ್ರಿ ಮಂಜು ಕವಿದು ಇಳಿಯೋಕೆ ಜಾಗ ಕಾಣದೆ ಪೆಟ್ರೋಲ್ ಖಾಲಿ ಆಯ್ತು, ಇಂಜಿನ್ ನಿಂತ್ಹೋಯ್ತು, ಪ್ಯಾರಾಚೂಟ್ ಕಟ್ಕೊಂಡು ಹಾರ್ಬಿಟ್ಟ. ಹಾರಿದ ಮೇಲೆ ವಿಮಾನದ ಮೂಗು ಕೆಳಗಾಗಿ ಟ್ಯಾಂಕಿನ ತಳದಲ್ಲಿ ಉಳಿದಿದ್ದ ಚೂರು ಪೆಟ್ರೋಲ್ ಇಂಜಿನ್ನಿಗೆ ಹರಿದು ಮತ್ತೆ ಸ್ಟಾರ್ಟ್ ಆಯ್ತು, ಯಾರೂ ಇಲ್ಲದ ಆ ವಿಮಾನ ಕತ್ತಲಲ್ಲಿ ಇವನ ಸುತ್ತಲೇ ಸುತ್ತು ಹಾಕ್ತಾ ಕೆಳಗಿಳೀತು. ಪ್ಯಾರಾಚೂಟಲ್ಲಿ ನೇತಾಡ್ತಾ ಇರೋನಿಗೆ ತನ್ನದೇ ವಿಮಾನ ತನ್ನ ಕಡೆ ಬರೋ ಸದ್ದು ಕೇಳಿದ್ರೆ ಹೆಂಗಾಗಿರ್ಬೇಡ. ಅದೇ ವರ್ಷ ನವೆಂಬರ್‌ನಲ್ಲಿ ಮತ್ತೊಮ್ಮೆ ಹಂಗೇ ಹಾರಿದ್ದ. ಅದಾಗಿ ಆರೇಳು ತಿಂಗಳಿಗೆ ಪ್ಯಾರಿಸ್.

ಆದ್ರಿಂದ ಒಂದೇ ರೆಕ್ಕೆ ಬುದ್ಧಿವಂತರದು ಎರಡು ರೆಕ್ಕೆ ದಡ್ಡರದು ಅನ್ನೋ ಲೆಕ್ಕವೇ ತಪ್ಪು. ಅಟ್ಲಾಂಟಿಕ್ ದಾಟೋನಿಗೆ ಪೆಟ್ರೋಲ್ ಹೊತ್ತು ನೇರ ಹೋಗೋದು ಮುಖ್ಯ, ಸೈನ್ಯದ ಕೆಲಸವೇ ಬೇರೆ.

ಹುಬ್ಬಳ್ಳಿ ಪ್ರೊಪೆಲ್ಲರ್
ಹಿಂಗ ಹೇಳ್ರಿ, ಇದ ನನ್ನ ಮಾತು!

ಕುಡ್ಲದ ಸೀಗಲ್
ನೀವೆಲ್ಲ ಬರೀ ಭೂಸೈನ್ಯದ್ದೇ ಹೇಳ್ತಾ ಉಂಟಲ್ಲ, ನೇವಿಯದ್ದು ಯಾರೂ ಹೇಳುದಿಲ್ವಾ? ನಿಜವಾಗಿ ಮುಂದೆ ಹೋದದ್ದು ಅವರೇ. ವಾಟ್ ಕಂಪನಿಯ ಓ2ಯು ಕಾರ್ಸೇರ್, ವಾಸ್ಪ್ ರೇಡಿಯಲ್ ಇಂಜಿನ್ನಿಗಾಗಿಯೇ ಮಾಡಿದ ವಿಮಾನ. ರೇಡಿಯೇಟರ್ ಇಲ್ಲ, ನೀರು ಸೋರುವ ಕಿರಿಕಿರಿ ಇಲ್ಲ, ಹಗುರ. ಸೈನ್ಯದವರು ಲಿಬರ್ಟಿಗೆ ಜೋತುಬಿದ್ದಿದ್ದ 1927ರಲ್ಲೇ ಅದು ನಾಲ್ಕು ವಿಶ್ವದಾಖಲೆ ಮಾಡಿತ್ತು.

ಆಮೇಲೆ ಕರ್ಟಿಸ್ ಎಸ್‌ಓಸಿ ಸೀಗಲ್, ನನ್ನ ಹೆಸರು ಅಲ್ಲಿಂದಲೇ ಬಂದದ್ದು. 1934ರಲ್ಲಿ ಮೊದಲ ಹಾರಾಟ. ಯುದ್ಧನೌಕೆಯ ಮೇಲಿನ ಕ್ಯಾಟಪಲ್ಟ್‌ನಿಂದ ಮದ್ದಿನ ಸ್ಫೋಟಕ್ಕೆ ಚಿಮ್ಮಿಸುದು, ಅದು ಸುಲಭ. ವಾಪಸ್ ಹತ್ತಿಸುದು ನೋಡ್ಬೇಕು ನೀವು. ಹಡಗು ತಿರುಗಿ ತನ್ನ ಬದಿಯಲ್ಲಿ ಅಲೆ ಇಲ್ಲದ ನುಣುಪಾದ ನೀರಿನ ಪಟ್ಟಿ ಮಾಡಿ ಕೊಡ್ತದೆ, ವಿಮಾನ ಅದರ ಮೇಲೆ ಇಳೀತದೆ. ಹಡಗಿನವರು ಒಂದು ಬಲೆ ಎಳೀತಾ ಇರ್ತಾರೆ, ವಿಮಾನ ನೀರಲ್ಲೇ ಓಡ್ತಾ ಹೋಗಿ ಆ ಬಲೆಯ ಮೇಲೆ ಏರ್ಬೇಕು, ದೋಣಿಯ ಹಾಗಿರುವ ಫ್ಲೋಟಿನ ಅಡಿಯ ಕೊಕ್ಕೆ ಬಲೆಗೆ ಸಿಕ್ಕಿಕೊಳ್ತದೆ. ಆಗ ಪೈಲಟ್ ಇಂಜಿನ್ ತಗ್ಗಿಸ್ತಾನೆ, ಹಡಗು ಎಳೆದ ಹಾಗೆ ವಿಮಾನವೂ ಜೊತೆಗೆ ಬರ್ತದೆ. ಹಿಂದಿನವ ಎದ್ದು ನಿಂತು ಮೇಲಿಂದ ಓಲಾಡುವ ಕ್ರೇನಿನ ಕೊಕ್ಕೆ ಹಿಡಿದು ರೆಕ್ಕೆಯ ಮೇಲಿನ ಬಳೆಗೆ ಸಿಕ್ಕಿಸ್ಬೇಕು. ನಾನು ಮೀನು ಬೋಟಿನವರ ಮನೆಯ ಹುಡುಗ, ಓಡುವ ಹಡಗಿನ ಪಕ್ಕಕ್ಕೆ ದೋಣಿ ತರುವ ಕಷ್ಟ ಗೊತ್ತುಂಟು. ಇವರು ವಿಮಾನ ತರ್ತಿದ್ದರು. ಫಿರಂಗಿ ಎಷ್ಟು ದೂರ ಹೊಡೆದರೂ ಗುಂಡು ಎಲ್ಲಿ ಬಿತ್ತು ಅಂತ ಹೇಳುವ ಕಣ್ಣು ಇವರೇ.

ಜಕ್ಕೂರು ಜಯಣ್ಣ
ಸೀಗಲ್ ಅವ್ರೇ, ಎಸ್‌ಓಸಿ ಕಥೆಯ ಕೊನೆ ಬಿಟ್ರಲ್ಲ. ಅದರ ಜಾಗಕ್ಕೆ ಒಂದೇ ರೆಕ್ಕೆಯ ಎಸ್‌ಓ3ಸಿ ಸೀಮ್ಯೂ ತಂದ್ರು. ಅದರ ಇಂಜಿನ್ ಕಾಯ್ದು ಕಾಯ್ದು ಕೈಕೊಡ್ತಿತ್ತು, ಹಾರಾಟದಲ್ಲಿ ಸ್ಥಿರತೆ ಇಲ್ಲ. ಕೊನೆಗೆ ಅದನ್ನ ಇಳಿಸಿ ಮೂಲೆಗೆ ಹೋಗಿದ್ದ ಹಳೇ ಬೈಪ್ಲೇನ್‌ನ್ನೇ ಮತ್ತೆ ಹಡಗು ಹತ್ತಿಸಿದ್ರು, ಎರಡನೇ ಮಹಾಯುದ್ಧದ ಮಧ್ಯದಲ್ಲಿ!

ಮಲ್ಲೇಶ್ವರಂ ಮಾಸ್ಟ್ರು
ಕಾರ್ಸೇರ್ ಅಂದ್ರೆ ನಿಕರಾಗುವಾದ ಕಿಲಾಲಿ ಹೇಳದೆ ಇರೋಕಾಗಲ್ಲ. 1928ರ ಜನವರಿ. ಅಲ್ಲಿನ ಬಂಡಾಯ ನಾಯಕ ಸ್ಯಾಂಡಿನೊ ಕಡೆಯವ್ರು ಅಮೆರಿಕದ ಮರೀನ್‌ಗಳನ್ನ (ನೌಕಾಪಡೆ ಜೊತೆಗಿನ ಸೈನಿಕರು) ಆ ಹಳ್ಳಿಯಲ್ಲಿ ಸುತ್ತುವರಿದಿದ್ರು, ಗಾಯಾಳುಗಳನ್ನ ಹೊರಗೆ ತರೋಕೆ ದಾರಿ ಇಲ್ಲ. ಹಳ್ಳಿಯ ಬೀದಿಯ ಮನೆಗಳನ್ನ ಕೆಡವಿ ಅದನ್ನೇ ರನ್‌ವೇ ಮಾಡಿದ್ರು. ಕ್ರಿಶ್ಚಿಯನ್ ಶಿಲ್ಟ್ ಅನ್ನೋ ಪೈಲಟ್ ಓ2ಯುನಲ್ಲಿ ಗುಂಡಿನ ಮಳೆ ನಡುವೆ ಅಲ್ಲಿಗೆ ಹತ್ತು ಸಲ ಹೋಗಿ ಬಂದು 18 ಗಾಯಾಳುಗಳನ್ನ ಹೊರಗೆ ತಂದ. ವಿಮಾನಕ್ಕೆ ಬ್ರೇಕ್ ಇರ್ಲಿಲ್ಲ, ಇಳಿದ ತಕ್ಷಣ ಮರೀನ್‌ಗಳು ಓಡಿ ಬಂದು ರೆಕ್ಕೆ ಹಿಡ್ಕೊಂಡು ಎಳೆದು ನಿಲ್ಲಿಸ್ತಿದ್ರು. ಕೆಳಗಿನ ರೆಕ್ಕೆ ಮನುಷ್ಯನ ಕೈಗೆ ಸಿಗೋ ಎತ್ತರದಲ್ಲಿದೆ, ಹಿಡ್ಕೊಳ್ಳೋಕೆ ಕಂಬಗಳಿವೆ. ಶಿಲ್ಟ್‌ಗೆ ಅಮೆರಿಕದ ಅತಿ ದೊಡ್ಡ ಶೌರ್ಯ ಪದಕ ಮೆಡಲ್ ಆಫ್ ಆನರ್ ಸಿಕ್ತು.

ಮಲೆನಾಡ ಮಿಡತೆ
ಶಿಲ್ಟ್ ಧೈರ್ಯ ಒಪ್ತೀನಿ ಮಾಸ್ಟ್ರೇ, ಆದ್ರೆ ಇನ್ನೊಂದು ಕಡೆಯಿಂದನೂ ನೋಡ್ಬೇಕು. ಆ ಬೀದಿಯ ಮನೆಗಳು ಯಾರದ್ದು? ಸ್ಯಾಂಡಿನೊ ಹೋರಾಡ್ತಿದ್ದಿದ್ದು ಅವನ ನೆಲದಲ್ಲೇ, ಮರೀನ್‌ಗಳು ಹೊರಗಿಂದ ಬಂದೋರು. ಅದಕ್ಕೂ ಆರು ತಿಂಗಳು ಮುಂಚೆ, 1927ರ ಜುಲೈ 16ಕ್ಕೆ ಒಕೊಟಾಲ್‌ನಲ್ಲಿ ಮೇಜರ್ ರಾಸ್ ರೋವೆಲ್ ನಾಯಕತ್ವದಲ್ಲಿ ಇದೇ ಡಿಎಚ್-4ಗಳು ಸ್ಯಾಂಡಿನೊ ಜನರ ಮೇಲೆ ಮೂಗು ಕೆಳಗೆ ಮಾಡಿ ಧುಮುಕಿ ಬಾಂಬ್ ಹಾಕಿದ್ವು. ಡೈವ್ ಬಾಂಬಿಂಗ್‌ನ ಮೊದಮೊದಲ ಉದಾಹರಣೆಗಳಲ್ಲಿ ಅದೂ ಒಂದು ಅಂತ ವಿಮಾನ ಇತಿಹಾಸದಲ್ಲಿ ಹೊಗಳಿ ಬರೀತಾರೆ. ಕೆಳಗಿದ್ದೋರಿಗೆ ಅದು ಏನಾಗಿತ್ತು ಅನ್ನೋದನ್ನೂ ಬರೀಬೇಕು. ಅಬ್ಸರ್ವೇಶನ್ ಅಂತ ಹೆಸರಿದ್ರೂ ಅವು ಬರೀ ನೋಡೋ ವಿಮಾನ ಆಗಿರ್ಲಿಲ್ಲ.

ಮಲ್ಲೇಶ್ವರಂ ಮಾಸ್ಟ್ರು
ನೀವು ಹೇಳಿದ್ದು ನ್ಯಾಯ. ಮನೆ ಕಳ್ಕೊಂಡೋರ ಮಾತು ನಾನೇ ಸೇರಿಸ್ಬೇಕಿತ್ತು.

ರೆಕ್ಕೆಪುರಾಣ
ಇಂಡಿಯಾ ಕಡೆ ಒಂದು ಎಳೆ ಇದೆ, ಹೇಳ್ತೀನಿ. ಬ್ರಿಟಿಷರ ಡಿಎಚ್.9ಎ ಅಂತ ಇತ್ತಲ್ಲ, ವಾಯವ್ಯ ಗಡಿಯಲ್ಲಿ ಬ್ರಿಟಿಷ್ ವಾಯುಸೇನೆ ಆರ್‌ಎಎಫ್‌ನವ್ರು ಹಾರಿಸ್ತಿದ್ದಿದ್ದು, ಅದಕ್ಕೂ ಅಮೆರಿಕದ ಇದೇ ಲಿಬರ್ಟಿ ಇಂಜಿನ್ನು! ಅದರ ಬದಲಿಗೆ ಹೊಸದು ಬೇಕು ಅಂದಾಗ ಬ್ರಿಟಿಷ್ ಸರ್ಕಾರ ಹಾಕಿದ ಷರತ್ತು ಏನು ಗೊತ್ತಾ, ಡಿಎಚ್.9ಎ ಬಿಡಿಭಾಗ ಸ್ಟಾಕಲ್ಲಿ ಬಿದ್ದಿದೆ, ಆದಷ್ಟು ಅದನ್ನೇ ಬಳಸಿ ಅಂತ. ಹಂಗೆ ಹುಟ್ಟಿದ್ದು ವೆಸ್ಟ್‌ಲ್ಯಾಂಡ್ ವಾಪಿಟಿ. 1933ರ ಏಪ್ರಿಲ್ 1ಕ್ಕೆ ಕರಾಚಿಯಲ್ಲಿ ನಮ್ಮ ವಾಯುಸೇನೆಯ ನಂ. 1 ಸ್ಕ್ವಾಡ್ರನ್ ಶುರುವಾಗಿದ್ದು ಅದೇ ನಾಲ್ಕು ವಾಪಿಟಿಗಳಿಂದ, ಮುಂದೆ ನಮ್ಮ ವಾಯುಸೇನೆಯ ಮುಖ್ಯಸ್ಥರಾದ ಸುಬ್ರೊತೊ ಮುಖರ್ಜಿ ಮೊದಲ ತಂಡದಲ್ಲಿದ್ರು. ಕೆಲಸ ಏನು? ಭೂಸೈನ್ಯಕ್ಕೆ ಕಣ್ಣಾಗೋದು. ದೆಹಲಿ ಪಾಲಂ ಮ್ಯೂಸಿಯಂನಲ್ಲಿ ಒಂದು ಇದೆ, ಹೋದೋರು ನೋಡಿ.

ಬಾಲ್ಸಾ ಭಟ್ಟ
ಅಂದ್ರೆ ಎರಡು ದೇಶದಲ್ಲೂ ಗೋಡೌನ್ ಸ್ಟಾಕೇ ವಿಮಾನದ ಆಕಾರ ನಿರ್ಧಾರ ಮಾಡಿದೆ. ಇದು ಹುಡುಗನಿಗೆ ತಕ್ಷಣ ಅರ್ಥ ಆಗುತ್ತೆ.

ದೊಡ್ಡಬಳ್ಳಾಪುರ ದಾರ
ನಾನು ವಿಮಾನದ ಪಂಡಿತ ಅಲ್ಲ, ಬಟ್ಟೆ ವಿಷಯ ಬಂದ್ರೆ ಮಾತ್ರ ಬರ್ತೀನಿ. ನಮ್ಮ ದೊಡ್ಡಪ್ಪ ಪುಷ್ಪಕ್ ಅನ್ನೋ ಪುಟ್ಟ ತರಬೇತಿ ವಿಮಾನಗಳಿಗೆ ಬಟ್ಟೆ ಹೊದಿಸೋ ಕೆಲಸ ಮಾಡ್ತಿದ್ರು. ಚಿಕ್ಕವನಿದ್ದಾಗ ಒಂದ್ಸಲ ಕರ್ಕೊಂಡು ಹೋಗಿದ್ರು. ರೆಕ್ಕೆಯ ಪಕ್ಕೆಲುಬಿಗೆ ಬಟ್ಟೆ ಎಳೆದು ಉದ್ದ ಸೂಜಿಯಲ್ಲಿ ಮೇಲಿಂದ ಕೆಳಕ್ಕೆ ಚುಚ್ಚಿ ಮೇಣ ಹಚ್ಚಿದ ದಾರದಿಂದ ಹೊಲಿಯೋದು, ಒಂದೊಂದು ಹೊಲಿಗೆಗೂ ಬೇರೆ ಗಂಟು. ಒಂದು ಬಿಚ್ಕೊಂಡ್ರೂ ಪಕ್ಕದ್ದು ಹಿಡಿದಿರ್ಬೇಕು ಅಂತ. ಆಮೇಲೆ ಡೋಪ್ ಅನ್ನೋ ಮೆರುಗುಣ್ಣೆ ಬಳಿಯೋದು, ಉಗುರುಬಣ್ಣದ ಥರ ವಾಸನೆ, ಕಣ್ಣೆಲ್ಲಾ ಉರಿಯುತ್ತೆ. ಒಣಗ್ತಾ ಒಣಗ್ತಾ ಬಟ್ಟೆ ಬಿಗೀತದೆ, ದೊಡ್ಡಪ್ಪ ಬೆರಳಲ್ಲಿ ತಟ್ಟಿ ತಬಲಾ ಥರ ಸದ್ದು ಬಂದ್ರೆ "ಹ್ಞೂಂ, ಆಯ್ತು" ಅನ್ನೋರು. ಓ-2ರ ರೆಕ್ಕೆನೂ ಮರ ಮತ್ತೆ ಬಟ್ಟೆನೇ ಅಲ್ವಾ? ಹುಬ್ಬಳ್ಳಿಯವ್ರು ರಿಪೇರಿ ಸಲೀಸು ಅಂದ್ರಲ್ಲ, ಅದು ಖಂಡಿತ ಸತ್ಯ. ಬಟ್ಟೆ ಹರಿದ್ರೆ ಅಲ್ಲೇ ತೇಪೆ ಹಾಕಿ ಡೋಪ್ ಬಳಿದು ಹಾರಿಸ್ಬಹುದು.

ಜಕ್ಕೂರು ಜಯಣ್ಣ
ಹೌದು, ಓ-2ಕ್ಕೆ ಒಡಲು ಉಕ್ಕಿನ ಕೊಳವೆ ಬೆಸುಗೆ ಹಾಕಿದ್ದು, ರೆಕ್ಕೆ ಮರ, ಮೇಲೆ ಬಟ್ಟೆ. ಥಾಮಸ್-ಮೋರ್ಸ್ ಓ-19 ಮಾತ್ರ ಬೇರೆ, ಅದರ ಒಡಲಿಗೆ ಲೋಹದ ತಗಡು. ಲೋಹ ಬಂದ್ರೂ ಎರಡು ರೆಕ್ಕೆ ಬಿಡ್ಲಿಲ್ಲ ನೋಡಿ.

ಮಲೆನಾಡ ಮಿಡತೆ
ನಾನಿನ್ನೂ ಪೂರ್ತಿ ಒಪ್ಪಲ್ಲ. 1934 ಹೊತ್ತಿಗೆ ಮಾರ್ಟಿನ್ ಬಿ-10 ಬಾಂಬರ್ ಗಂಟೆಗೆ 340 ಕಿ.ಮೀ. ಹತ್ರ ಹೋಗ್ತಿತ್ತು, ಒಂದೇ ರೆಕ್ಕೆ, ಪೂರ್ತಿ ಲೋಹ. ಅದೇ ಸೈನ್ಯದ ಓ-38 ಸುಮಾರು 240. ಎದುರಾಳಿಯ ಫೈಟರ್ ಬಂದ್ರೆ ಈ ಕಣ್ಣು ಎಷ್ಟು ಹೊತ್ತು ತೆರೆದಿರುತ್ತೆ? 1934ರ ಫೆಬ್ರವರಿಯಲ್ಲಿ ರೂಸ್ವೆಲ್ಟ್ ಖಾಸಗಿ ಕಂಪನಿಗಳ ಅಂಚೆ ಗುತ್ತಿಗೆ ರದ್ದು ಮಾಡಿ ಸೈನ್ಯಕ್ಕೇ ಅಂಚೆ ಒಯ್ಯೋಕೆ ಹೇಳಿದಾಗ ಈ ಥರದ ವಿಮಾನಗಳನ್ನೇ ಚಳಿಗಾಲದ ರಾತ್ರಿಗಳಿಗೆ ಕಳಿಸಿದ್ರು. ರಾತ್ರಿ ಹಾರಾಟಕ್ಕೆ ಬೇಕಾದ ಉಪಕರಣ ಸಾಲದು, ಅಭ್ಯಾಸ ಸಾಲದು, ತೆರೆದ ಕಾಕ್‌ಪಿಟ್, ಮುಖಕ್ಕೆ ಹಿಮ. ಎಷ್ಟೊಂದು ಹುಡುಗರು ಸತ್ರು. ಕಡಿಮೆ ದುಡ್ಡಲ್ಲಿ ಹಳೇದನ್ನೇ ಓಡಿಸ್ತೀವಿ ಅನ್ನೋದರ ಬೆಲೆ ಅದು.

ಹುಬ್ಬಳ್ಳಿ ಪ್ರೊಪೆಲ್ಲರ್
ಆ ಸಾವಿನ ಮಾತಿಗೆ ಎದುರು ಮಾತಿಲ್ಲರೀ. ಆದ್ರ ಅದು ರೆಕ್ಕಿ ಎಣಿಕಿ ತಪ್ಪಲ್ಲ, ಉಪಕರಣ ಕೊಡಲಾರದ್ದು, ತರಬೇತಿ ಕೊಡಲಾರದ್ದು ತಪ್ಪು. ಮುಂದ ಏನಾತು ನೋಡ್ರಿ. ಒಂದ ರೆಕ್ಕಿ ಓ-46 ತಂದ್ರು, ಆಮ್ಯಾಲೆ ಮೂರು ಮಂದಿ ಕುಂಡ್ರೂ ಓ-47 ತಂದ್ರು, ಹೊಟ್ಟ್ಯಾಗ ಕಿಟಕಿ ಇಟ್ಟು. ಭಾರ ಆತು, ಉದ್ದನ ರನ್‌ವೇ ಬೇಕಾತು. 1941ರ ಕವಾಯತಿನಾಗ ಬರೇ 65 ಹಾರ್ಸ್‌ಪವರ್‌ದ ಪೈಪರ್ ಕಬ್ ರಸ್ತೆ ಮ್ಯಾಗ ಇಳದು ಆ ದೊಡ್ಡವು ಮಾಡಬೇಕಾದ ಕೆಲಸ ಮಾಡಿ ತೋರಿಸ್ತು, ಮಿಡತೆ ಅಂತ ಹೆಸರು ಬಂತು ಅದಕ್ಕ. 1942ರಾಗ "ಓ" ಅನ್ನೂ ಅಕ್ಷರನ ತಗದು "ಎಲ್" ಅಂತ ಇಟ್ರು, ಲಿಯೇಸನ್, ಅಂದ್ರ ಸಂಪರ್ಕ ವಿಮಾನ. ಅಂದ್ರ ಸಾವಕಾಶ, ಹಗುರ, ಹೊಲದಾಗ ಇಳಿಯೂದು, ಆ ಕೆಲಸಕ್ಕ ಇವ ಬೇಕಾಗಿದ್ವು.

ಮಲೆನಾಡ ಮಿಡತೆ
ನನ್ನ ಹೆಸರಿನ ವಿಮಾನ ಹಿಡ್ಕೊಂಡೇ ನನಗೆ ಉತ್ತರ ಕೊಟ್ರಿ. ಕೆಲಸದ ವಿಷಯ ಒಪ್ಪಿದೆ. ಆದ್ರೆ ಕಬ್‌ಗೂ ಒಂದೇ ರೆಕ್ಕೆ, ಅದನ್ನೂ ಬರ್ಕೊಳ್ಳಿ.

ಬ್ಯಾಂಕಾಕ್ ಬೆಣ್ಣೆದೋಸೆ
ಬ್ಯಾಂಕಾಕಲ್ಲಿ ಆರು ವರ್ಷದಿಂದ ಇದೀನಿ. ಡಾನ್ ಮುವಾಂಗ್ ಹತ್ರ ಥಾಯ್ ವಾಯುಸೇನೆ ಮ್ಯೂಸಿಯಂನಲ್ಲಿ ಒಂದು ವಾಟ್ ಕಾರ್ಸೇರ್ ಇದೆ, ವಿ-93ಎಸ್, ಥಾಯ್ಲೆಂಡಿಗೆ ಮಾರಿದ್ದು. 1940-41ರಲ್ಲಿ ಫ್ರೆಂಚರ ವಿರುದ್ಧ ಇವನ್ನ ಹಾರಿಸಿದ್ರು. ಮಗಳನ್ನ ಕರ್ಕೊಂಡು ಹೋಗಿದ್ದೆ. ಫೋಟೋದಲ್ಲಿ ಪುಟ್ಟದು ಅನ್ಸುತ್ತೆ, ಪಕ್ಕ ನಿಂತ್ರೆ ತಲೆ ಎತ್ತಿ ನೋಡ್ಬೇಕು.

ಜಕ್ಕೂರು ಜಯಣ್ಣ
ಭಟ್ರೇ, ನೀವು ಕಟ್ತಾ ಇರೋ ಓ-38ರಲ್ಲಿ ಉಳಿದಿರೋ ಒಂದರ ಕಥೆ ಹೇಳ್ತೀನಿ. 1940ರ ಅಕ್ಟೋಬರ್‌ನಲ್ಲಿ ಅಲಾಸ್ಕಾದ ಲ್ಯಾಡ್ ಫೀಲ್ಡಿನಲ್ಲಿ ಮೊಟ್ಟಮೊದಲು ಇಳಿದ ವಿಮಾನ ಅದು, ಓ-38ಎಫ್. 1941ರ ಜೂನ್ 16ಕ್ಕೆ ಇಂಜಿನ್ ಕೈಕೊಟ್ಟು ಫೇರ್‌ಬ್ಯಾಂಕ್ಸ್‌ನಿಂದ ನೂರು ಕಿಲೋಮೀಟರ್ ಮೇಲೆ ದೂರದ ಕಾಡಲ್ಲಿ ಇಳೀತು. ಒಳಗಿದ್ದೋರು ಬದುಕಿ ಬಂದ್ರು, ವಿಮಾನ ಅಲ್ಲೇ ಉಳೀತು. 27 ವರ್ಷ ಹಿಮ, ಮಳೆ. 1968ರಲ್ಲಿ ಹೋಗಿ ನೋಡಿದ್ರೆ ಹೆಚ್ಚುಕಮ್ಮಿ ಇಡೀ ವಿಮಾನ ಹಂಗೇ ಇದೆ, ಎರಡು ಸೀಟು ಮತ್ತೆ ಹಿಂದಿನ ಚಕ್ರ ಮಾತ್ರ ಇಲ್ಲ! ಚಿನೂಕ್ ಹೆಲಿಕಾಪ್ಟರಿಗೆ ನೇತುಹಾಕಿ ತಂದು ರಿಪೇರಿ ಮಾಡಿ ಡೇಟನ್ ಮ್ಯೂಸಿಯಂನಲ್ಲಿಟ್ಟಿದಾರೆ. ಅದಕ್ಕೆ ಮೇಲೆ ಜಾರೋ ಗಾಜಿನ ಮುಚ್ಚಳ ಇದೆ, ನಿಮ್ಮ ಪ್ಲಾನ್ ಯಾವ ಮಾದರಿದು ಅಂತ ನೋಡ್ಕೊಳ್ಳಿ, ಮೊದಲಿನವಕ್ಕೆ ಕಾಕ್‌ಪಿಟ್ ತೆರೆದಿರುತ್ತೆ.

ಬಾಲ್ಸಾ ಭಟ್ಟ
ನಂದು ತೆರೆದಿದ್ದು, ನ್ಯಾಷನಲ್ ಗಾರ್ಡ್‌ದು. ನಿನ್ನೆ ರಾತ್ರಿ ಹುಡುಗನಿಗೆ ಫೋನಲ್ಲಿ ಇದೆಲ್ಲಾ ಓದಿ ಹೇಳ್ದೆ. ಲಿಂಡ್‌ಬರ್ಗ್ ಸುತ್ತ ಅವನ ವಿಮಾನವೇ ಸುತ್ತಿದ ಕಥೆ ಎರಡು ಸಲ ಕೇಳಿಸ್ಕೊಂಡ. ಆಮೇಲೆ, "ಮಾವ, ನಿಮ್ಮದು ಮುಗಿದ್ಮೇಲೆ ಡಿಎಚ್-4 ಕಟ್ಟೋಣ, ಟ್ಯಾಂಕು ಮಧ್ಯ ಇರೋದು ಒಂದು, ಮುಂದೆ ಇರೋದು ಒಂದು" ಅಂದ. ಎರಡನ್ನೂ ಒಟ್ಟಿಗೆ ಇಟ್ಟು ನೋಡ್ಬೇಕಂತೆ. ಬೇಸಿಗೆ ರಜಕ್ಕೆ ಬರ್ತಾನೆ.

ಈಗ ಇನ್ನೆರಡು ಪ್ರಶ್ನೆ. ರೆಕ್ಕೆ ನಡುವಿನ ತಂತಿಗೆ ನೈಲಾನ್ ದಾರ ಹಾಕಿದ್ರೆ ಸ್ವಲ್ಪ ದಿನಕ್ಕೆ ಜೋಲು ಬೀಳುತ್ತೆ, ಏನು ಹಾಕ್ತೀರಿ? ಮತ್ತೆ 1932ರ ವಿಮಾನಕ್ಕೆ ಒಡಲು ನೀಲಿಯೋ ಹಸಿರೋ?

ಜಕ್ಕೂರು ಜಯಣ್ಣ
1932 ಅಂದ್ರೆ ಒಡಲು ಆಲಿವ್ ಹಸಿರು, ರೆಕ್ಕೆ ಹಳದಿ. ನೀಲಿ ಬಂದಿದ್ದು 1934ರಿಂದ. ಬಾಲಕ್ಕೆ ಒಂದು ನೀಲಿ ಉದ್ದ ಪಟ್ಟಿ, ಅದರ ಹಿಂದೆ ಕೆಂಪು ಬಿಳಿ ಅಡ್ಡ ಪಟ್ಟಿ 13, ಎಣಿಸಿ ಬಳೀರಿ.

ದೊಡ್ಡಬಳ್ಳಾಪುರ ದಾರ
ದಾರಕ್ಕೆ ನಾನು ಹೇಳ್ತೀನಿ. ಎಲಾಸ್ಟಿಕ್ ದಾರ ತಗೊಳ್ಳಿ, ತೀರಾ ತೆಳ್ಳಗಿಂದು, ಬೀಡ್ಸ್ ಪೋಣಿಸೋಕೆ ಮಾರ್ತಾರಲ್ಲ ಅದಕ್ಕಿಂತ ಸಣ್ಣದು. ಕಪ್ಪು ಬೇಡ, ಬೂದು. ಒಂದು ತುದಿ ಅಂಟಿಸಿ ಒಂದು ರಾತ್ರಿ ಬಿಡಿ, ಆಮೇಲೆ ಸ್ವಲ್ಪವೇ ಎಳೆದು ಇನ್ನೊಂದು ತುದಿ ಅಂಟಿಸಿ. ಜಾಸ್ತಿ ಎಳೆದ್ರೆ ರೆಕ್ಕೆನೇ ತಿರುಚುತ್ತೆ.